ಬ್ಯಾಕೆಂಡ್ ಇಂಟರ್‌ವ್ಯೂ ತಯಾರಿ: ರೆಸ್ಯೂಮೆಯಿಂದ ಆಫರ್ ಲೆಟರ್‌ವರೆಗೆ

ಎರಡರಿಂದ ಆರು ವರ್ಷ ಅನುಭವವಿದ್ದು ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳಲ್ಲಿ ಬ್ಯಾಕೆಂಡ್ ಕೆಲಸ ಹುಡುಕುತ್ತಿರುವವರಿಗಾಗಿ ಈ ಮಾರ್ಗದರ್ಶಿ. ಸರ್ವಿಸ್ ಕಂಪನಿಯಲ್ಲಿದ್ದು ಆಚೆ ಬರಬೇಕು ಅಂದುಕೊಂಡವರಿಗೂ ದಾರಿ ಇದೇ. ಫ್ರೆಶರ್‌ಗಳು ಕೋಡಿಂಗ್ ಮತ್ತು ಡೇಟಾಬೇಸ್ ಭಾಗ ಓದಿಕೊಂಡರೆ ಸದ್ಯಕ್ಕೆ ಸಾಕು.

ಎಲ್ಲ ನೆಟ್ಟಗಿರುವಾಗ ಓಡುವ ಎಪಿಐ (ಬೇರೆ ಪ್ರೋಗ್ರಾಂಗಳು ಸರ್ವರನ್ನು ಕೇಳುವ ಬಾಗಿಲು) ಬರೆಯುವವರು ಊರು ತುಂಬ ಇದ್ದಾರೆ. ಡೇಟಾಬೇಸ್ ಕೈಕೊಟ್ಟರೆ, ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೆ, ಪಕ್ಕದ ಸರ್ವಿಸ್ ಉತ್ತರವನ್ನೇ ಕೊಡದಿದ್ದರೆ ಏನಾಗುತ್ತದೆ ಎನ್ನುವುದನ್ನು ಕೇಳುವ ಮೊದಲೇ ಹೇಳುವವರು ಕಡಿಮೆ. ಇಂಟರ್‌ವ್ಯೂ ಮಾಡುವವರು ಹುಡುಕುತ್ತಿರುವುದು ಅಂಥವರನ್ನು. ಆದ್ದರಿಂದ ಯಾವ ವಿಷಯ ಓದಿದರೂ ಕೊನೆಗೆ "ಇದು ಎಲ್ಲಿ ಕೆಡುತ್ತದೆ?" ಅಂತ ಒಮ್ಮೆ ಕೇಳಿಕೊಳ್ಳಿ.

ಹಂತ 1: ರೌಂಡುಗಳನ್ನು ತಿಳಿದು ಸಮಯ ಹಂಚಿಕೊಳ್ಳಿ

ರಿಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗಲೇ ಒಟ್ಟು ಎಷ್ಟು ರೌಂಡ್, ಯಾವುದು ಎಷ್ಟು ಹೊತ್ತು, ಕೋಡ್ ಓಡಿಸಿ ತೋರಿಸಬೇಕೋ ಬರೀ ಬರೆದರೆ ಸಾಕೋ ಅಂತ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ, ಹೇಳುವುದು ಅವರ ಕೆಲಸ. ಸಾಮಾನ್ಯವಾಗಿ ಇರುವುದು ಆನ್‌ಲೈನ್ ಟೆಸ್ಟ್, ಒಂದೆರಡು ಡೇಟಾ ಸ್ಟ್ರಕ್ಚರ್ ರೌಂಡ್, ಮಷೀನ್ ಕೋಡಿಂಗ್ (ಸಣ್ಣದೊಂದು ಆ್ಯಪನ್ನು ಪೂರ್ತಿ ಬರೆಯುವುದು) ಅಥವಾ ಲೋ ಲೆವೆಲ್ ಡಿಸೈನ್, ಸಿಸ್ಟಮ್ ಡಿಸೈನ್, ಮ್ಯಾನೇಜರ್ ಜೊತೆ ಮಾತು, ಕೊನೆಗೆ ಎಚ್‌ಆರ್. ಚಿಕ್ಕ ಸ್ಟಾರ್ಟಪ್‌ಗಳು ಇದನ್ನೇ ಎರಡು ಮೂರು ರೌಂಡಿಗೆ ಇಳಿಸುತ್ತವೆ.

ಕೆಲಸ ಮಾಡುತ್ತಲೇ ತಯಾರಾಗುವವರಿಗೆ ದಿನಕ್ಕೆ ಒಂದೂವರೆ ಗಂಟೆಯಂತೆ ಎಂಟು ವಾರ ಬೇಕು. ಮೊದಲ ನಾಲ್ಕು ವಾರದಲ್ಲಿ ಮುಕ್ಕಾಲು ಪಾಲು ಕೋಡಿಂಗ್, ಉಳಿದದ್ದು ಡೇಟಾಬೇಸ್. ಐದನೇ ವಾರದಿಂದ ಸಿಸ್ಟಮ್ ಡಿಸೈನ್ ಶುರು ಮಾಡಿ, ವಾರಕ್ಕೊಂದು ಮಷೀನ್ ಕೋಡಿಂಗ್ ಸಮಸ್ಯೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ತೀರಾ ಆಸೆಪಟ್ಟ ಕಂಪನಿಗೇ ಮೊದಲು ಹೋಗಬೇಡಿ. ಮೊದಲ ಒಂದೆರಡು ಇಂಟರ್‌ವ್ಯೂಗಳಲ್ಲಿ ನಾಲಿಗೆ ತಡವರಿಸುವುದು ಸಹಜ.

ಹಂತ 2: ರೆಸ್ಯೂಮೆ

ಒಂದೇ ಪುಟ. ಬರೆದ ಪ್ರತಿ ಸಾಲಿನ ಬಗ್ಗೆ ಹತ್ತು ನಿಮಿಷ ಮಾತಾಡಲು ಬರಬೇಕು, ಬರದಿದ್ದರೆ ಆ ಸಾಲು ತೆಗೆಯಿರಿ. ಒಂದು ವಾರ ಮುಟ್ಟಿ ಬಿಟ್ಟ ಕಾಫ್ಕಾವನ್ನು (ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಧನ) ಪಟ್ಟಿಗೆ ಸೇರಿಸಿದವರಿಗೆ ಎದುರಿನವರು ಕೇಳುವ ಮೊದಲ ಪ್ರಶ್ನೆಯೇ ಕಾಫ್ಕಾ ಮೇಲೆ ಇರುತ್ತದೆ.

"ಪರ್ಫಾರ್ಮೆನ್ಸ್ ಸುಧಾರಿಸಿದೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಎಪಿಐ, ಮೊದಲು ಎಷ್ಟು ಮಿಲಿಸೆಕೆಂಡ್ ಇತ್ತು, ಈಗ ಎಷ್ಟು, ಏನು ಮಾಡಿದ್ದರಿಂದ ಇಳಿಯಿತು ಎಂಬ ನಾಲ್ಕೂ ಒಂದೇ ಸಾಲಿನಲ್ಲಿರಲಿ. ಸಂಖ್ಯೆ ಸಣ್ಣದಾದರೂ ಪರವಾಗಿಲ್ಲ, ನಿಜ ಇರಬೇಕು. ಸೇರಿದ, ಬಿಟ್ಟ ತಿಂಗಳುಗಳು ನಿಮ್ಮ ಪಿಎಫ್ ಸರ್ವಿಸ್ ಹಿಸ್ಟರಿಯ ಜೊತೆ ತಾಳೆಯಾಗಲಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಯುಎಎನ್ (ಪಿಎಫ್‌ನ ಯೂನಿವರ್ಸಲ್ ಖಾತೆ ಸಂಖ್ಯೆ) ದಾಖಲೆ ಕೇಳುವುದು ಈಗ ಮಾಮೂಲು.

ಹಂತ 3: ಕೋಡಿಂಗ್ ರೌಂಡ್

ಬ್ಯಾಕೆಂಡ್ ಕೆಲಸಕ್ಕೆ ಸಾಕಾಗುವ ವಿಷಯಗಳು ಇಷ್ಟೇ: ಅರೇ ಮತ್ತು ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಟೂ ಪಾಯಿಂಟರ್, ಸ್ಲೈಡಿಂಗ್ ವಿಂಡೋ, ಬೈನರಿ ಸರ್ಚ್, ಸ್ಟ್ಯಾಕ್, ಹೀಪ್, ಟ್ರೀ, ಗ್ರಾಫಿನಲ್ಲಿ ಬಿಎಫ್‌ಎಸ್ ಹಾಗೂ ಡಿಎಫ್‌ಎಸ್ (ಅಗಲವಾಗಿ, ಆಳವಾಗಿ ಹುಡುಕುವುದು), ಸರಳ ಡೈನಾಮಿಕ್ ಪ್ರೋಗ್ರಾಮಿಂಗ್. ಒಂದೊಂದರಲ್ಲೂ ಹತ್ತು ಹನ್ನೆರಡು ಸಮಸ್ಯೆಗಳನ್ನು ಉತ್ತರ ನೋಡದೆ ಬಿಡಿಸಿದರೆ ಸಾಕು. ಐನೂರು ಸಮಸ್ಯೆಗಳ ಉತ್ತರ ಬಾಯಿಪಾಠ ಮಾಡುವುದರಿಂದ ಹೆಚ್ಚು ಲಾಭವಿಲ್ಲ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕೈಕಾಲು ಆಡುವುದಿಲ್ಲ. ಎಲ್‌ಆರ್‌ಯು ಕ್ಯಾಶ್ (ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಹೊರಹಾಕುವುದು) ಮಾತ್ರ ಕಣ್ಣು ಮುಚ್ಚಿ ಬರೆಯುವಂತಿರಲಿ: ಹ್ಯಾಶ್ ಮ್ಯಾಪ್ ಜೊತೆ ಡಬ್ಲಿ ಲಿಂಕ್ಡ್ ಲಿಸ್ಟ್. ಬ್ಯಾಕೆಂಡ್ ರೌಂಡುಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

45 ನಿಮಿಷವನ್ನು ಹೀಗೆ ಹಂಚಿ. ಮೊದಲ 5 ನಿಮಿಷ ಬರೀ ಪ್ರಶ್ನೆ ಕೇಳಿ: ಇನ್‌ಪುಟ್ ಎಷ್ಟು ದೊಡ್ಡದು, ಖಾಲಿ ಇರಬಹುದೇ, ಒಂದೇ ಮೌಲ್ಯ ಎರಡು ಸಲ ಬರಬಹುದೇ? ಮುಂದಿನ 7 ನಿಮಿಷ ಯಾವ ದಾರಿ, ಎಷ್ಟು ಸಮಯ, ಎಷ್ಟು ಮೆಮೊರಿ ಅಂತ ಬಾಯಲ್ಲೇ ಹೇಳಿ, ಅವರು ತಲೆಯಾಡಿಸಿದ ಮೇಲಷ್ಟೇ ಟೈಪ್ ಮಾಡಿ. ಕೋಡಿಗೆ 20 ನಿಮಿಷ. ಉಳಿದದ್ದು ಒಂದು ಸಣ್ಣ ಉದಾಹರಣೆ ಹಿಡಿದು ಸಾಲುಸಾಲಾಗಿ ನಡೆಸಿ ನೋಡಲು. ತುಂಬ ಜನ ಎಡವುವುದು ಈ ಕೊನೆಯ ಭಾಗದಲ್ಲಿ: "ಮುಗೀತು" ಅಂದುಬಿಡುತ್ತಾರೆ, ತಪ್ಪನ್ನು ಎದುರಿನವರೇ ತೋರಿಸಬೇಕಾಗುತ್ತದೆ.

ಇನ್‌ಪುಟ್ ಗಾತ್ರವೇ ಅರ್ಧ ಉತ್ತರ. ಆ ಗಾತ್ರ, ಅಂದರೆ ಎನ್, 1 ಲಕ್ಷ ಇದ್ದರೆ ಒಂದರೊಳಗೊಂದು ಲೂಪ್ ಹಾಕಿದಾಗ ಸಾವಿರ ಕೋಟಿ ಸಲ ಓಡಬೇಕು, ಅದು ಆಗದ ಮಾತು. ಹಾಗಾದರೆ ಸಾರ್ಟ್, ಹೀಪ್ ಅಥವಾ ಹ್ಯಾಶ್ ಮ್ಯಾಪ್ ದಾರಿ ಹುಡುಕಬೇಕು. ಎನ್ 20ರೊಳಗಿದ್ದರೆ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡುವುದಕ್ಕೆ ಅನುಮತಿ ಕೊಟ್ಟಂತೆ.

ನೀವು ಬಳಸುವ ಭಾಷೆಯ ಹೊಂಡಗಳೂ ಗೊತ್ತಿರಲಿ. ಜಾವಾದಲ್ಲಿ ಎರಡು ಇಂಟೀಜರ್ ಆಬ್ಜೆಕ್ಟ್‌ಗಳನ್ನು ಎರಡು ಸಮ ಚಿಹ್ನೆ ಹಾಕಿ ಹೋಲಿಸಿದರೆ -128ರಿಂದ 127ರವರೆಗೆ ಸರಿಯಾದ ಉತ್ತರ ಬರುತ್ತದೆ, ಏಕೆಂದರೆ ಅಷ್ಟು ಸಂಖ್ಯೆಗಳ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಅದರಾಚೆ ಉತ್ತರ ತಪ್ಪುತ್ತದೆ. ಸಣ್ಣ ಉದಾಹರಣೆಯಲ್ಲಿ ಪಾಸಾದ ಕೋಡ್ ದೊಡ್ಡ ಟೆಸ್ಟ್ ಕೇಸಿನಲ್ಲಿ ಬೀಳುವುದಕ್ಕೆ ಇದೂ ಒಂದು ಕಾರಣ.

ಸ್ಟ್ರಿಂಗ್ ಪ್ರಶ್ನೆ ಬಂದರೆ "ಇಂಗ್ಲಿಷ್ ಅಕ್ಷರ ಮಾತ್ರವೋ, ಯೂನಿಕೋಡ್ ಕೂಡ ಇದೆಯೋ?" ಅಂತ ಕೇಳಿ. ಕನ್ನಡದವರು ಇದನ್ನು ಉದಾಹರಣೆ ಸಮೇತ ವಿವರಿಸಬಹುದು. "ನಿಮ್ಮ" ಎಂಬುದು ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿನಲ್ಲಿ ಐದು ಕೋಡ್ ಪಾಯಿಂಟ್ (ಪ್ರತಿ ಚಿಹ್ನೆಗೆ ಕೊಟ್ಟ ಸಂಖ್ಯೆ), ಯುಟಿಎಫ್-8ರಲ್ಲಿ 15 ಬೈಟ್. ಅದನ್ನು ಕುರುಡಾಗಿ ತಿರುಗಿಸಿದರೆ ಬರುವುದು "ಮ್ಮನಿ" ಅಲ್ಲ, "ಮ್ಮಿನ". ನೋಟಿಫಿಕೇಷನ್ ಸಿಸ್ಟಮ್ ಡಿಸೈನ್ ಮಾಡಲು ಹೇಳಿದಾಗಲೂ ಇದು ಕೆಲಸಕ್ಕೆ ಬರುತ್ತದೆ: ಸಾಮಾನ್ಯ ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸಿದರೆ ಯೂನಿಕೋಡ್ ಎಸ್‌ಎಂಎಸ್‌ಗೆ 70 ಮಾತ್ರ, ಗುಣಿತದ ಚಿಹ್ನೆಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಅಂದರೆ ಕನ್ನಡದ ಸಂದೇಶ ಬೇಗ ಎರಡು ಮೂರು ತುಂಡಾಗಿ ಖರ್ಚು ಏರುತ್ತದೆ.

ಹಂತ 4: ಮಷೀನ್ ಕೋಡಿಂಗ್

ಸಾಮಾನ್ಯವಾಗಿ 90 ನಿಮಿಷ. ಪಾರ್ಕಿಂಗ್ ಲಾಟ್, ಖರ್ಚು ಹಂಚಿಕೊಳ್ಳುವ ಆ್ಯಪ್, ರೇಟ್ ಲಿಮಿಟರ್ (ಮಿತಿ ಮೀರಿದ ರಿಕ್ವೆಸ್ಟ್ ತಡೆಯುವುದು) ಇಂಥವು. ಇಲ್ಲಿ ಮೊದಲ ನಿಯಮ: ಕೊನೆಗೆ ಕೋಡ್ ಓಡಬೇಕು. ಅಂದವಾದ ಕ್ಲಾಸುಗಳಿದ್ದು ಕಂಪೈಲ್ ಆಗದಿದ್ದರೆ ಯಾರೂ ಮುಂದಕ್ಕೆ ಕಳಿಸುವುದಿಲ್ಲ. ಕೇಳದಿದ್ದರೆ ಡೇಟಾಬೇಸ್, ಎಚ್‌ಟಿಟಿಪಿ ಯಾವುದನ್ನೂ ಸೇರಿಸಬೇಡಿ. ಮೆಮೊರಿಯಲ್ಲೇ ಡೇಟಾ ಇಟ್ಟುಕೊಂಡು, ಮೇನ್ ಮೆಥಡ್‌ನಿಂದ ನಾಲ್ಕೈದು ಸನ್ನಿವೇಶ ಓಡಿಸಿ ತೋರಿಸಿ. 60ನೇ ನಿಮಿಷಕ್ಕೆ ಮುಖ್ಯ ಕೆಲಸ ಆಗಿರಬೇಕು. ಡಿಸೈನ್ ಪ್ಯಾಟರ್ನ್ ಒಂದೋ ಎರಡೋ, ಅವೂ ಅಗತ್ಯವಿದ್ದಲ್ಲಿ. ಹಂಚುವ ವಿಧಾನ ಸಮಪಾಲು, ಶೇಕಡಾ, ನಿಗದಿತ ಮೊತ್ತ ಎಂದು ಮೂರು ಥರ ಇದ್ದರೆ ಸ್ಟ್ರಾಟೆಜಿ ಪ್ಯಾಟರ್ನ್ ಸರಿ. ಹೆಸರು ಗೊತ್ತಿದೆ ಅಂತ ತೋರಿಸಲು ತುರುಕಿದ ಸಿಂಗಲ್ಟನ್ ಬೇಡ.

ಹಣದ ಲೆಕ್ಕ ಬಂದರೆ ಫ್ಲೋಟ್ ಮುಟ್ಟಬೇಡಿ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ₹100 ಅನ್ನು ಮೂವರಿಗೆ ಹಂಚಿದರೆ ತಲಾ 3,333 ಪೈಸೆ, ಒಂದು ಪೈಸೆ ಉಳಿಯುತ್ತದೆ. ಅದನ್ನು ಯಾರ ತಲೆಗೆ ಹಾಕುತ್ತೀರಿ ಎನ್ನುವುದು ಕೋಡಿನಲ್ಲಿ ಕಾಣಬೇಕು. ಮೊದಲನೆಯವರಿಗೆ ಸೇರಿಸಿ, ಕಾಮೆಂಟಿನಲ್ಲಿ ಬರೆದುಬಿಡಿ.

"ಇದನ್ನೇ ಹತ್ತು ಥ್ರೆಡ್ (ಏಕಕಾಲಕ್ಕೆ ಓಡುವ ಎಳೆಗಳು) ಒಟ್ಟಿಗೆ ಕರೆದರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ಕರೆಂಟ್ ಹ್ಯಾಶ್ ಮ್ಯಾಪ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. "ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು" ಎಂಬ ಎರಡು ಹೆಜ್ಜೆಯ ನಡುವೆ ಇನ್ನೊಂದು ಥ್ರೆಡ್ ನುಗ್ಗಬಹುದು. ಕಂಪ್ಯೂಟ್ ಇಫ್ ಆಬ್ಸೆಂಟ್‌ನಂಥ ಒಂದೇ ಹೆಜ್ಜೆಯ ಮೆಥಡ್ ಬೇಕು. ಎರಡು ಖಾತೆಗಳ ಲಾಕ್ ಹಿಡಿಯುವಲ್ಲಿ ಯಾವಾಗಲೂ ಸಣ್ಣ ಐಡಿಯ ಲಾಕ್ ಮೊದಲು, ಇಲ್ಲದಿದ್ದರೆ ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತ ಡೆಡ್‌ಲಾಕ್.

ಹಂತ 5: ಡೇಟಾಬೇಸ್ (ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ)

ಕೋಡಿಂಗ್ ಚೆನ್ನಾಗಿ ಮಾಡಿದವರೂ ಸೋಲುವ ಜಾಗ ಇದು. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಯಾವುದಾದರೊಂದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, 20 ಲಕ್ಷ ಸಾಲುಗಳ ಆರ್ಡರ್ ಟೇಬಲ್ ಒಂದನ್ನು ಸ್ಕ್ರಿಪ್ಟ್‌ನಿಂದ ತುಂಬಿಸಿ. ಮುಂದಿನದನ್ನೆಲ್ಲ ಅದರ ಮೇಲೆ ಕೈಯಾರೆ ಮಾಡಿ ನೋಡಿ.

ಮೊದಲು ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ. "ಈ ಗ್ರಾಹಕನ, ಡೆಲಿವರಿ ಆದ, ಇತ್ತೀಚಿನ 20 ಆರ್ಡರ್" ಎಂಬ ಕ್ವೆರಿ ತೆಗೆದುಕೊಳ್ಳಿ. ಇಂಡೆಕ್ಸ್ ಇಲ್ಲದೆ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಹೇಗೆ ಓಡಿತೆಂದು ತೋರಿಸುವ ಆಜ್ಞೆ) ಓಡಿಸಿದರೆ ಸೀಕ್ವೆನ್ಷಿಯಲ್ ಸ್ಕ್ಯಾನ್, ಅಂದರೆ ಟೇಬಲ್ ಪೂರ್ತಿ ಓದುವುದು, ಕಾಣುತ್ತದೆ. ಬರೀ ಸ್ಟೇಟಸ್ ಮೇಲೆ ಇಂಡೆಕ್ಸ್ ಹಾಕಿದರೆ ಹೆಚ್ಚುಕಡಿಮೆ ಉಪಯೋಗವೇ ಇಲ್ಲ, ಟೇಬಲ್ಲಿನ ಬಹುಪಾಲು ಸಾಲು ಡೆಲಿವರಿ ಆದವೇ. ಸರಿಯಾದದ್ದು ಗ್ರಾಹಕ ಐಡಿ, ಸ್ಟೇಟಸ್, ರಚನೆಯ ಸಮಯ ಇವು ಮೂರರ ಮೇಲೆ ಇದೇ ಕ್ರಮದ ಒಂದೇ ಇಂಡೆಕ್ಸ್: ಸಮಾನತೆಯ ಕಾಲಮ್‌ಗಳು ಮೊದಲು, ಸಾರ್ಟ್ ಮಾಡುವ ಕಾಲಮ್ ಕೊನೆಗೆ. ಆಗ ಸಾರ್ಟ್ ಹೆಜ್ಜೆಯೇ ಬೇಡವಾಗುತ್ತದೆ, 20 ಸಾಲು ಓದಿ ನಿಲ್ಲುತ್ತದೆ. ಇದೇ ಇಂಡೆಕ್ಸ್ ಗ್ರಾಹಕ ಐಡಿ ಒಂದರಿಂದಲೇ ಹುಡುಕಿದರೂ ಸಹಾಯಕ್ಕೆ ಬರುತ್ತದೆ, ಬರೀ ಸಮಯದಿಂದ ಹುಡುಕಿದರೆ ಅಷ್ಟಾಗಿ ಬರುವುದಿಲ್ಲ. ಕಾಲಮ್ಮಿನ ಮೇಲೆ ಡೇಟ್ ಫಂಕ್ಷನ್ ಹಚ್ಚಿ ಹುಡುಕಿದರೆ ಮಾಮೂಲು ಇಂಡೆಕ್ಸ್ ಪಕ್ಕಕ್ಕೆ ಸರಿಯುತ್ತದೆ. ಅದರ ಬದಲು "ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ" ಅಂತ ವ್ಯಾಪ್ತಿ ಕೊಡಿ.

"ಹಾಗಾದರೆ ಎಲ್ಲ ಕಾಲಮ್ಮಿಗೂ ಇಂಡೆಕ್ಸ್ ಹಾಕೋಣವೇ?" ಎಂಬ ಕೊಕ್ಕೆಗೆ ಉತ್ತರ: ಪ್ರತಿ ಇನ್ಸರ್ಟ್ ಎಲ್ಲ ಇಂಡೆಕ್ಸಿಗೂ ಬರೆಯಬೇಕು, ಜಾಗವೂ ಹೋಗುತ್ತದೆ. ಲೈವ್ ಟೇಬಲ್ ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಮಾಮೂಲು ಇಂಡೆಕ್ಸ್ ಕಟ್ಟುವಾಗ ಬರವಣಿಗೆ ನಿಂತುಹೋಗುತ್ತದೆ, ಕನ್ಕರೆಂಟ್ಲಿ ಆಯ್ಕೆ ಬಳಸಬೇಕು. ಈ ಕೊನೆಯ ಮಾತು ಪ್ರೊಡಕ್ಷನ್‌ನಲ್ಲಿ ಕೆಲಸ ಮಾಡಿದವರ ಬಾಯಿಂದ ಮಾತ್ರ ಬರುತ್ತದೆ ಅಂತ ಇಂಟರ್‌ವ್ಯೂ ಮಾಡುವವರಿಗೆ ಗೊತ್ತು.

ಪೇಜಿನೇಷನ್‌ಗೆ (ಫಲಿತಾಂಶವನ್ನು ಪುಟಪುಟವಾಗಿ ಕೊಡುವುದಕ್ಕೆ) ಆಫ್‌ಸೆಟ್ 1 ಲಕ್ಷ, ಲಿಮಿಟ್ 20 ಕೊಟ್ಟರೆ ಡೇಟಾಬೇಸ್ ಮೊದಲ ಲಕ್ಷ ಸಾಲು ಓದಿ ಎಸೆದು ಆಮೇಲೆ 20 ಕೊಡುತ್ತದೆ. "ಕೊನೆಯದಾಗಿ ನೋಡಿದ ಸಮಯ ಮತ್ತು ಐಡಿಗಿಂತ ಹಿಂದಿನವು" ಅಂತ ಕೇಳುವ ಕೀಸೆಟ್ ವಿಧಾನದಲ್ಲಿ ಎಷ್ಟನೇ ಪುಟವಾದರೂ ಖರ್ಚು ಒಂದೇ.

ಆಮೇಲೆ ಟ್ರಾನ್ಸಾಕ್ಷನ್: ಎಲ್ಲವೂ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಕಟ್ಟು. ಎಸಿಐಡಿಯ (ಟ್ರಾನ್ಸಾಕ್ಷನ್ ಪಾಲಿಸಬೇಕಾದ ನಾಲ್ಕು ಗುಣಗಳು) ನಾಲ್ಕು ಅಕ್ಷರ ಬಿಡಿಸಿ ಹೇಳುವುದನ್ನು ಎಲ್ಲರೂ ಮಾಡುತ್ತಾರೆ, ಪ್ರಶ್ನೆ ಬರುವುದು ಬೇರೆ ರೀತಿ. ವಾಲೆಟ್‌ನಲ್ಲಿ ₹500 ಇದೆ, ಒಂದೇ ಕ್ಷಣದಲ್ಲಿ ತಲಾ ₹400ರ ಎರಡು ರಿಕ್ವೆಸ್ಟ್ ಬಂದವು. ಎರಡೂ 500 ಓದುತ್ತವೆ, ಎರಡಕ್ಕೂ ಸಾಕು ಅನಿಸುತ್ತದೆ, ಎರಡೂ 100 ಅಂತ ಬರೆಯುತ್ತವೆ. ₹800 ಹೊರಗೆ ಹೋಯಿತು. ಟ್ರಾನ್ಸಾಕ್ಷನ್ ಒಳಗಿದ್ದರೂ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಆದ ರೀಡ್ ಕಮಿಟೆಡ್ ಎಂಬ ಐಸೊಲೇಷನ್ ಮಟ್ಟ (ಒಂದು ಟ್ರಾನ್ಸಾಕ್ಷನ್‌ಗೆ ಇನ್ನೊಂದರ ಬದಲಾವಣೆ ಎಷ್ಟು ಕಾಣುತ್ತದೆ ಎಂಬ ನಿಯಮ) ಇದನ್ನು ತಡೆಯುವುದಿಲ್ಲ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಆದ ಇನೊಡಿಬಿಯ ಡಿಫಾಲ್ಟ್ ರಿಪೀಟಬಲ್ ರೀಡ್, ಅಲ್ಲೂ ಮಾಮೂಲು ಸೆಲೆಕ್ಟ್ ಮಾಡಿ ಆಮೇಲೆ ಅಪ್‌ಡೇಟ್ ಮಾಡಿದರೆ ಕಥೆ ಇದೇ. ಮೂರು ದಾರಿ ಹೇಳಿ. ಒಂದು, ಅಪ್‌ಡೇಟ್‌ನಲ್ಲೇ "ಬ್ಯಾಲೆನ್ಸ್ 400ಕ್ಕಿಂತ ಕಡಿಮೆ ಇಲ್ಲದಿದ್ದರೆ 400 ಕಳೆ" ಎಂಬ ಷರತ್ತು, ಎಷ್ಟು ಸಾಲು ಬದಲಾಯಿತು ಅಂತ ನೋಡುವುದು. ಎರಡು, ಸೆಲೆಕ್ಟ್ ಫಾರ್ ಅಪ್‌ಡೇಟ್ (ಓದುವಾಗಲೇ ಸಾಲಿಗೆ ಲಾಕ್ ಹಾಕುವುದು). ಮೂರು, ವರ್ಷನ್ ಕಾಲಮ್ ಇಟ್ಟು ಆಪ್ಟಿಮಿಸ್ಟಿಕ್ ಲಾಕ್ (ಬರೆಯುವಾಗ ವರ್ಷನ್ ಬದಲಾಗಿದೆಯೇ ಅಂತ ನೋಡುವುದು). ಇಷ್ಟು ಸರಳ ಕೆಲಸಕ್ಕೆ ಮೊದಲನೆಯದೇ ಸರಿ. ಲೆಕ್ಕ ಸಂಕೀರ್ಣವಾಗಿದ್ದು ಓದಿ ಯೋಚಿಸಿ ಬರೆಯಬೇಕಿದ್ದರೆ ಎರಡನೆಯದು.

ಇನ್ನೊಂದು ಪ್ರಶ್ನೆ: ಟ್ರಾನ್ಸಾಕ್ಷನ್ ತೆರೆದಿಟ್ಟು ಮಧ್ಯೆ ಪೇಮೆಂಟ್ ಎಪಿಐ ಕರೆದರೆ ಏನು ತೊಂದರೆ? ಲೆಕ್ಕ ಹಾಕಿ ತೋರಿಸಿ. ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಕನೆಕ್ಷನ್ ಪೂಲಿನ (ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಸಂಗ್ರಹ) ಡಿಫಾಲ್ಟ್ ಗಾತ್ರ 10. ಪೇಮೆಂಟ್ ಎಪಿಐ 3 ಸೆಕೆಂಡ್ ತೆಗೆದುಕೊಂಡರೆ ಪ್ರತಿ ಕನೆಕ್ಷನ್ 3 ಸೆಕೆಂಡ್ ಸುಮ್ಮನೆ ಕೂರುತ್ತದೆ. ಹತ್ತು ಕನೆಕ್ಷನ್, ಮೂರು ಸೆಕೆಂಡ್: ಸೆಕೆಂಡಿಗೆ ಮೂರು ಚಿಲ್ಲರೆ ರಿಕ್ವೆಸ್ಟ್ ಮಾತ್ರ. ಉಳಿದವರು ಸಾಲಿನಲ್ಲಿ ನಿಂತು 30 ಸೆಕೆಂಡ್ ಆದ ಮೇಲೆ ಟೈಮ್‌ಔಟ್. ಡೇಟಾಬೇಸ್ ಸಿಪಿಯು ಮಾತ್ರ ಆರಾಮಾಗಿರುತ್ತದೆ, ಅದಕ್ಕೇ ಕಾರಣ ಹುಡುಕುವುದು ಕಷ್ಟ. ಪೂಲನ್ನು 500ಕ್ಕೆ ಏರಿಸುವುದು ಉತ್ತರವಲ್ಲ, ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಗರಿಷ್ಠ ಕನೆಕ್ಷನ್ 100. "ಪೆಂಡಿಂಗ್" ಅಂತ ಬರೆದು ಕಮಿಟ್ ಮಾಡಿ, ಹೊರಗಿನ ಎಪಿಐ ಕರೆದು, ಫಲಿತಾಂಶವನ್ನು ಇನ್ನೊಂದು ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ.

ಹಂತ 6: ಎಪಿಐ, ಕ್ಯೂ, ರಿಟ್ರೈ

ಸ್ಟೇಟಸ್ ಕೋಡ್‌ಗಳಲ್ಲಿ ಗೊಂದಲವಾಗುವ ಜೋಡಿಗಳನ್ನು ಮಾತ್ರ ನೋಡಿಕೊಳ್ಳಿ. 401 ಅಂದರೆ ನೀನು ಯಾರೆಂದು ಗೊತ್ತಿಲ್ಲ, 403 ಅಂದರೆ ಗೊತ್ತು ಆದರೆ ಅನುಮತಿಯಿಲ್ಲ. 502 ಅಂದರೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ, 504 ಅಂದರೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. 409 ಸಂಘರ್ಷಕ್ಕೆ, 429 ಮಿತಿ ಮೀರಿದ್ದಕ್ಕೆ.

ಪೋಸ್ಟ್ ರಿಕ್ವೆಸ್ಟ್ ಕಳಿಸಿ ಉತ್ತರ ಬರುವ ಮೊದಲು ನೆಟ್ ಹೋಯಿತು, ಮೊಬೈಲ್ ಆ್ಯಪ್ ಮತ್ತೆ ಕಳಿಸಿತು. ಎರಡು ಆರ್ಡರ್ ಆಗದಂತೆ ನೋಡಿಕೊಳ್ಳುವುದು ಹೇಗೆ? ಕ್ಲೈಂಟ್ ಒಂದು ಐಡೆಂಪೊಟೆನ್ಸಿ ಕೀ ಮಾಡಿ ಕಳಿಸಲಿ, ಸರ್ವರ್ ಅದನ್ನು ಯೂನಿಕ್ ಕನ್ಸ್‌ಟ್ರೇಂಟ್ ಇರುವ ಕಾಲಮ್ಮಿಗೆ ಬರೆಯಲಿ. ಎರಡನೇ ಸಲ ಬಂದಾಗ ಇನ್ಸರ್ಟ್ ಸೋಲುತ್ತದೆ, ಹಳೆಯ ಉತ್ತರವನ್ನೇ ಮರಳಿಸಬೇಕು. "ಮೊದಲು ಸೆಲೆಕ್ಟ್ ಮಾಡಿ ಇಲ್ಲದಿದ್ದರೆ ಇನ್ಸರ್ಟ್" ಅಂದರೆ ಹಂತ 4ರ ಅದೇ ರಂಧ್ರ. ಕೀಯನ್ನು ಬಟನ್ ಒತ್ತಿದಾಗ ಒಂದೇ ಸಲ ಹುಟ್ಟಿಸಬೇಕು. ರಿಟ್ರೈ ಒಂದೊಂದಕ್ಕೂ ಹೊಸ ಕೀ ಮಾಡಿದರೆ ಇಟ್ಟೂ ಪ್ರಯೋಜನವಿಲ್ಲ.

ರಿಟ್ರೈ ಬಗ್ಗೆ ಒಂದು ಗುಣಾಕಾರ ನೆನಪಿಡಿ. ಗೇಟ್‌ವೇ, ಸರ್ವಿಸ್, ಕ್ಲೈಂಟ್ ಲೈಬ್ರರಿ ಮೂರೂ ತಲಾ ಮೂರು ಸಲ ಪ್ರಯತ್ನಿಸಿದರೆ ಅತಿ ಕೆಳಗಿನ ಸರ್ವಿಸ್‌ಗೆ 27 ಏಟು. ಮೊದಲೇ ಏದುಸಿರು ಬಿಡುತ್ತಿರುವ ಸರ್ವಿಸ್ ಪೂರ್ತಿ ಮಲಗುತ್ತದೆ. ರಿಟ್ರೈ ಒಂದೇ ಪದರದಲ್ಲಿರಲಿ, ನಡುವೆ ಅಂತರ ದುಪ್ಪಟ್ಟಾಗುತ್ತ ಹೋಗಲಿ, ಎಲ್ಲರೂ ಒಂದೇ ಕ್ಷಣಕ್ಕೆ ಮರಳಿ ಬರದಂತೆ ಸ್ವಲ್ಪ ಜಿಟರ್ (ಮನಬಂದಂತೆ ಏರುಪೇರು) ಸೇರಿಸಿ.

ಕಾಫ್ಕಾದಲ್ಲಿ ಮೆಸೇಜುಗಳ ಕ್ರಮ ಉಳಿಯುವುದು ಒಂದು ಪಾರ್ಟಿಷನ್ (ಮೆಸೇಜುಗಳನ್ನು ಹಂಚಿಟ್ಟ ಒಂದು ಭಾಗ) ಒಳಗೆ ಮಾತ್ರ, ಹಾಗಾಗಿ ಆರ್ಡರ್ ಐಡಿಯನ್ನು ಕೀ ಮಾಡಿ. ಒಂದೇ ಮೆಸೇಜ್ ಎರಡು ಸಲ ಬರಬಹುದು ಅಂತಲೇ ಕನ್ಸ್ಯೂಮರ್ ಬರೆಯಿರಿ. ಡೇಟಾಬೇಸಿಗೆ ಬರೆದು, ಕಾಫ್ಕಾಗೆ ಕಳಿಸುವ ಮೊದಲು ಪ್ರೋಸೆಸ್ ಸತ್ತರೆ ಮೆಸೇಜ್ ಕಳೆದುಹೋಗುತ್ತದೆ. ಅದಕ್ಕೆ ಔಟ್‌ಬಾಕ್ಸ್ ಟೇಬಲ್: ಆರ್ಡರನ್ನೂ ಮೆಸೇಜನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದು, ಬೇರೆ ಪ್ರೋಸೆಸ್ ಅಲ್ಲಿಂದ ಎತ್ತಿ ಕಳಿಸುತ್ತದೆ.

ಹಂತ 7: ಸಿಸ್ಟಮ್ ಡಿಸೈನ್, ಒಂದು ಪ್ರಶ್ನೆ ಪೂರ್ತಿ

ಪ್ರಶ್ನೆ: ಬಸ್ ಸೀಟು ಬುಕಿಂಗ್ ಸಿಸ್ಟಮ್ ಡಿಸೈನ್ ಮಾಡಿ. 45 ರಿಂದ 60 ನಿಮಿಷ.

ಬಿಳಿ ಬೋರ್ಡಿನ ಮೇಲೆ ಡಬ್ಬಗಳನ್ನು ಬರೆಯಲು ಆತುರ ಬೇಡ. ಮೊದಲು ಏನೇನು ಬೇಕು, ಏನು ಬೇಡ ಅಂತ ನಿರ್ಧರಿಸಿ: ಹುಡುಕುವುದು, ಸೀಟು ಹಿಡಿಯುವುದು, ಹಣ ಕಟ್ಟುವುದು ಬೇಕು. ಊಟದ ಆರ್ಡರ್, ವಿಮರ್ಶೆ ಬೇಡ. ಒಂದೇ ಸೀಟನ್ನು ಇಬ್ಬರಿಗೆ ಮಾರಬಾರದು ಎಂಬುದೇ ಮುರಿಯಬಾರದ ನಿಯಮ ಅಂತ ಜೋರಾಗಿ ಹೇಳಿ.

ಆಮೇಲೆ ಲೆಕ್ಕ. ದಿನಕ್ಕೆ 5,000 ಬಸ್, ತಲಾ 40 ಸೀಟು ಅಂದುಕೊಂಡರೆ 2 ಲಕ್ಷ ಬುಕಿಂಗ್. ದಿನಕ್ಕೆ 86,400 ಸೆಕೆಂಡ್, ಅಂದರೆ ಸೆಕೆಂಡಿಗೆ ಎರಡು ಚಿಲ್ಲರೆ. ಗೌರಿ ಗಣೇಶ ಹಬ್ಬದ ಹಿಂದಿನ ವಾರ ಹತ್ತು ಪಟ್ಟು ಏರಿದರೂ 25ರ ಆಸುಪಾಸು. ಒಂದು ಬುಕಿಂಗಿಗೆ 50 ಹುಡುಕಾಟ ಹಿಡಿದರೆ ದಿನಕ್ಕೆ 1 ಕೋಟಿ, ಸೆಕೆಂಡಿಗೆ ಸುಮಾರು 116, ಏರಿದಾಗ 1,200. ಬುಕಿಂಗ್ ಸಾಲೊಂದಕ್ಕೆ 500 ಬೈಟ್ ಅಂದರೆ ದಿನಕ್ಕೆ 100 ಎಂಬಿ, ವರ್ಷಕ್ಕೆ 37 ಜಿಬಿಗಿಂತ ಕಡಿಮೆ.

ಈ ಲೆಕ್ಕದಿಂದ ತೀರ್ಮಾನ ತೆಗೆಯದಿದ್ದರೆ ಅದು ಬರೀ ಶಾಸ್ತ್ರಕ್ಕೆ ಮಾಡಿದಂತೆ. ಇಲ್ಲಿ ಬರವಣಿಗೆ ತೀರಾ ಕಡಿಮೆ, ಒಂದು ಪೋಸ್ಟ್‌ಗ್ರೆಸ್ ಪ್ರೈಮರಿ ಸಾಕು, ಶಾರ್ಡಿಂಗ್ (ಡೇಟಾವನ್ನು ಹಲವು ಡೇಟಾಬೇಸ್‌ಗಳಿಗೆ ಹಂಚುವುದು) ಬೇಡ. ಭಾರವಿರುವುದು ಹುಡುಕಾಟದ ಮೇಲೆ, ಅದಕ್ಕೆ ರೆಡಿಸ್ (ಮೆಮೊರಿಯಲ್ಲೇ ಡೇಟಾ ಇಡುವ ಸ್ಟೋರ್) ಕ್ಯಾಶ್ ಮತ್ತು ರೀಡ್ ರೆಪ್ಲಿಕಾ (ಓದಲು ಮಾತ್ರ ಇರುವ ನಕಲು). ಶಾರ್ಡಿಂಗ್ ಬೇಡ ಅಂತ ಲೆಕ್ಕ ತೋರಿಸಿ ಹೇಳುವವರು, ಮೊದಲ ನಿಮಿಷವೇ ಕಸ್ಸಾಂಡ್ರಾ (ಹಲವು ಸರ್ವರ್‌ಗಳಿಗೆ ಹರಡುವ ಡೇಟಾಬೇಸ್) ಬರೆಯುವವರಿಗಿಂತ ಮೇಲೆ ನಿಲ್ಲುತ್ತಾರೆ. ಒಂದು ಎಚ್ಚರಿಕೆ: ಹತ್ತು ಪಟ್ಟು ಎಂಬ ಊಹೆ ಎಲ್ಲೆಡೆ ನಡೆಯುವುದಿಲ್ಲ. ರೈಲ್ವೆ ತತ್ಕಾಲ್ ಎಸಿಗೆ ಬೆಳಿಗ್ಗೆ 10ಕ್ಕೆ, ನಾನ್ ಎಸಿಗೆ 11ಕ್ಕೆ ತೆರೆಯುತ್ತದೆ. ದಿನದ ಸರಾಸರಿ ಅಲ್ಲಿ ಕೆಲಸಕ್ಕೇ ಬಾರದು, ಬಾಗಿಲಲ್ಲೇ ಸಾಲು ನಿಲ್ಲಿಸುವ ವೇಟಿಂಗ್ ರೂಮ್ ಬೇಕಾಗುತ್ತದೆ.

ಈಗ ಸೀಟಿನ ಟೇಬಲ್: ಟ್ರಿಪ್ ಐಡಿ, ಸೀಟು ಸಂಖ್ಯೆ (ಎರಡೂ ಸೇರಿ ಯೂನಿಕ್), ಸ್ಥಿತಿ, ಯಾರು ಹಿಡಿದಿದ್ದಾರೆ, ಎಷ್ಟು ಹೊತ್ತಿನವರೆಗೆ. ಸೀಟು ಹಿಡಿಯುವುದು ಒಂದೇ ಅಪ್‌ಡೇಟ್: ಸ್ಥಿತಿ ಖಾಲಿ ಇದ್ದರೆ, ಅಥವಾ ಹಿಡಿದವರ ಅವಧಿ ಮುಗಿದಿದ್ದರೆ, ನನ್ನ ಹೆಸರಿಗೆ 8 ನಿಮಿಷಕ್ಕೆ ಬರೆ. ಒಂದು ಸಾಲು ಬದಲಾದರೆ ಸೀಟು ನಿಮ್ಮದು, ಸೊನ್ನೆಯಾದರೆ ಬೇರೆಯವರ ಪಾಲು. ಅವಧಿ ಮುಗಿದದ್ದನ್ನು ಬಿಡಿಸಲು ಬೇರೆ ಜಾಬ್ ಬೇಕಿಲ್ಲ, ಷರತ್ತಿನಲ್ಲೇ ಇದೆ. ಸಮಯ ಡೇಟಾಬೇಸಿನ ಗಡಿಯಾರದ್ದಾಗಿರಲಿ, ಆ್ಯಪ್ ಸರ್ವರ್‌ಗಳ ಗಡಿಯಾರ ಒಂದಕ್ಕೊಂದು ಹೊಂದುವುದಿಲ್ಲ. ನಾಲ್ಕು ಸೀಟು ಒಟ್ಟಿಗೆ ಬೇಕಾದರೆ ಸೀಟು ಸಂಖ್ಯೆಯ ಕ್ರಮದಲ್ಲಿ ಸೆಲೆಕ್ಟ್ ಫಾರ್ ಅಪ್‌ಡೇಟ್ ಮಾಡಿ, ನಾಲ್ಕೂ ಸಿಗದಿದ್ದರೆ ರೋಲ್‌ಬ್ಯಾಕ್.

"ರೆಡಿಸ್ ಲಾಕ್ ಹಾಕುತ್ತೇನೆ" ಎಂಬುದು ಎಲ್ಲರ ಮೊದಲ ಉತ್ತರ. ಲಾಕ್ ಹಿಡಿದ ಪ್ರೋಸೆಸ್ ಗಾರ್ಬೇಜ್ ಕಲೆಕ್ಷನ್‌ನಲ್ಲಿ (ಬಳಸದ ಮೆಮೊರಿ ತೆರವು ಮಾಡುವ ಹೊತ್ತು) ನಿಂತು, ಅಷ್ಟರಲ್ಲಿ ಲಾಕಿನ ಅವಧಿ ಮುಗಿದರೆ ಇಬ್ಬರ ಕೈಯಲ್ಲೂ ಲಾಕ್ ಇರುತ್ತದೆ. ರೆಡಿಸ್ ಭಾರ ಇಳಿಸಲು ಇರಲಿ, ಕೊನೆಯ ತೀರ್ಪು ಡೇಟಾಬೇಸಿನದ್ದೇ ಆಗಬೇಕು.

ನಿಜವಾದ ಪರೀಕ್ಷೆ ಹಣ ಕಟ್ಟುವಲ್ಲಿ. ಯುಪಿಐ ತಡವಾಗಿ, ಒಂಬತ್ತನೇ ನಿಮಿಷಕ್ಕೆ ಯಶಸ್ವಿ ಅಂತ ವೆಬ್‌ಹುಕ್ (ಪೇಮೆಂಟ್ ಗೇಟ್‌ವೇ ತಾನಾಗಿ ಕಳಿಸುವ ಸುದ್ದಿ) ಬಂದರೆ? ಮೊದಲ ರಕ್ಷಣೆಯಾಗಿ ಪೇಮೆಂಟ್ ಅವಧಿಯನ್ನು ಸೀಟು ಹಿಡಿದ ಅವಧಿಗಿಂತ ಕಡಿಮೆ ಇಡಿ, 8ಕ್ಕೆ ಎದುರಾಗಿ 5 ನಿಮಿಷ. ಆದರೂ ಬಂದರೆ ಅದೇ ಅಪ್‌ಡೇಟ್ ಓಡಿಸಿ ಸೀಟು ಮತ್ತೆ ಹಿಡಿಯಲು ನೋಡಿ, ಸಿಗದಿದ್ದರೆ ತಾನಾಗಿ ರಿಫಂಡ್ ಮತ್ತು ಪ್ರಯಾಣಿಕರಿಗೆ ಸಂದೇಶ. ವೆಬ್‌ಹುಕ್ ಎರಡು ಸಲ ಬಂದರೆ ಪೇಮೆಂಟ್ ಐಡಿಯ ಯೂನಿಕ್ ಕನ್ಸ್‌ಟ್ರೇಂಟ್ ಕಾಯುತ್ತದೆ. ಬರದೇ ಹೋದರೆ, ಕೆಲ ನಿಮಿಷಕ್ಕೊಮ್ಮೆ ಪೆಂಡಿಂಗ್ ಇರುವುದನ್ನೆಲ್ಲ ಗೇಟ್‌ವೇ ಬಳಿ ವಿಚಾರಿಸುವ ರೀಕನ್ಸಿಲಿಯೇಷನ್ ಜಾಬ್. ಈ ಮೂರನ್ನೂ ಅವರು ಕೇಳುವ ಮೊದಲೇ ಎತ್ತಿದರೆ ರೌಂಡ್ ಅರ್ಧ ಗೆದ್ದಂತೆ.

ಹುಡುಕಾಟದ ಪುಟದಲ್ಲಿ ಖಾಲಿ ಸೀಟಿನ ಸಂಖ್ಯೆ 15 ಸೆಕೆಂಡ್ ಹಳೆಯದಾದರೂ ನಷ್ಟವಿಲ್ಲ, ಹಿಡಿಯುವಾಗ ನಿಜ ಗೊತ್ತಾಗುತ್ತದೆ. ಕ್ಯಾಶಿನ ಎಲ್ಲ ಕೀಗಳೂ ಒಟ್ಟಿಗೆ ಸಾಯದಂತೆ ಅವಧಿಗೆ ಒಂದೆರಡು ಸೆಕೆಂಡ್ ಹೆಚ್ಚುಕಡಿಮೆ ಮಾಡಿ.

ಹಂತ 8: ಪ್ರಾಜೆಕ್ಟ್ ಮತ್ತು ಡೀಬಗ್ಗಿಂಗ್ ಮಾತು

ನಿಮ್ಮ ಒಂದು ಪ್ರಾಜೆಕ್ಟನ್ನು ಕಾಗದದ ಮೇಲೆ ಚಿತ್ರ ಬರೆದು ಹತ್ತು ನಿಮಿಷದಲ್ಲಿ ವಿವರಿಸುವ ಅಭ್ಯಾಸ ಮಾಡಿ. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್, ಟೇಬಲ್ ಎಷ್ಟು ದೊಡ್ಡದು, ಪಿ99 (ನೂರರಲ್ಲಿ 99 ರಿಕ್ವೆಸ್ಟ್ ಇಷ್ಟು ಹೊತ್ತಿನೊಳಗೆ ಮುಗಿಯುತ್ತವೆ ಎಂಬ ಸಮಯ) ಎಷ್ಟು ಎಂಬುದನ್ನು ಆಫೀಸಿನ ಡ್ಯಾಶ್‌ಬೋರ್ಡಿನಲ್ಲಿ ಮೊದಲೇ ನೋಡಿ ನೆನಪಿಟ್ಟುಕೊಳ್ಳಿ, ಗೋಪ್ಯವಾದದ್ದನ್ನು ಹೊರಗೆ ಹೇಳಬೇಡಿ. "ನಾವು ಮಾಡಿದೆವು" ಅಂತಲೇ ಹೇಳುತ್ತ ಹೋದರೆ "ಅದರಲ್ಲಿ ನೀವು ಮಾಡಿದ್ದೇನು?" ಎಂಬ ಪ್ರಶ್ನೆ ಖಂಡಿತ.

"ಎಪಿಐ ಇದ್ದಕ್ಕಿದ್ದಂತೆ ನಿಧಾನವಾಗಿದೆ, ಏನು ಮಾಡುತ್ತೀರಿ?" ಅಂದರೆ ನೇರ ಲಾಗಿಗೆ ಹಾರಬೇಡಿ. ಯಾವಾಗಿನಿಂದ, ಎಲ್ಲ ಎಪಿಐಯೋ ಒಂದೋ, ಆ ಹೊತ್ತಿಗೆ ಡಿಪ್ಲಾಯ್ ಆಗಿತ್ತೇ? ಆಗಿದ್ದರೆ ಮೊದಲು ರೋಲ್‌ಬ್ಯಾಕ್, ಆಮೇಲೆ ಕಾರಣ. ಆಗದಿದ್ದರೆ ಟ್ರಾಫಿಕ್, ಕನೆಕ್ಷನ್ ಪೂಲ್, ನಿಧಾನದ ಕ್ವೆರಿಗಳು, ಗಾರ್ಬೇಜ್ ಕಲೆಕ್ಷನ್, ಹೊರಗಿನ ಸರ್ವಿಸ್ ಈ ಕ್ರಮದಲ್ಲಿ ನೋಡುತ್ತ, ಪ್ರತಿಯೊಂದರಲ್ಲೂ ಏನು ಕಂಡರೆ ಯಾವ ತೀರ್ಮಾನ ಅಂತ ಹೇಳುತ್ತ ಹೋಗಿ.

ಹಂತ 9: ಇಂಗ್ಲಿಷ್, ಎಐ, ಆ ದಿನದ ಚಿಕ್ಕಪುಟ್ಟ ವಿಷಯ

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುವುದು ವಿಷಯಕ್ಕಿಂತ ಇಂಗ್ಲಿಷ್. ಉಚ್ಚಾರಣೆಗೆ ಅಂಕವಿಲ್ಲ. ಚಿಕ್ಕ ವಾಕ್ಯದಲ್ಲಿ ಮಾತಾಡಿ, ಪ್ರಶ್ನೆಯನ್ನು ಒಮ್ಮೆ ನಿಮ್ಮ ಮಾತಿನಲ್ಲಿ ಹೇಳಿ ಖಚಿತಪಡಿಸಿಕೊಳ್ಳಿ, ಯೋಚಿಸಲು ಒಂದು ನಿಮಿಷ ಬೇಕಿದ್ದರೆ ಕೇಳಿ ತೆಗೆದುಕೊಳ್ಳಿ. ಪ್ರಾಜೆಕ್ಟ್ ವಿವರಣೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಹಲವು ಸಲ ಭಾಷೆಗಿಂತ ವಿಷಯವೇ ಸ್ಪಷ್ಟವಿರುವುದಿಲ್ಲ.

ಎಐ ಸಾಧನ ಬಳಸಬಹುದೇ ಅಂತ ಮೊದಲೇ ಕೇಳಿ, ಬಿಡುವ ಕಂಪನಿಗಳೂ ಇವೆ. ಬೇಡವೆಂದಲ್ಲಿ ಪಕ್ಕದ ಪರದೆ ನೋಡಿ ಓದುವುದು ಎರಡನೇ "ಯಾಕೆ?" ಪ್ರಶ್ನೆಗೇ ಬಯಲಾಗುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದು, "ನನ್ನ ಊಹೆ ಇದು, ಕಾರಣ ಇದು" ಅಂತ ಸೇರಿಸಿ. ಲ್ಯಾಪ್‌ಟಾಪ್ ಚಾರ್ಜ್, ಫೋನ್ ಹಾಟ್‌ಸ್ಪಾಟ್, ಒಂದು ಹಾಳೆ, ಪೆನ್ನು ಇಷ್ಟು ಹತ್ತಿರವಿರಲಿ.

ಹಂತ 10: ಆಫರ್

ಸಿಟಿಸಿ (ಕಂಪನಿಗೆ ನಿಮ್ಮ ಮೇಲಾಗುವ ಒಟ್ಟು ಖರ್ಚು) ಸಂಖ್ಯೆ ನೋಡಿ ಖುಷಿಪಡುವ ಮೊದಲು ಬಿಡಿಸಿ ಕೇಳಿ: ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಅದರೊಳಗೇ ಸೇರಿಸಿದ್ದಾರೆಯೇ? ಜಾಯಿನಿಂಗ್ ಬೋನಸ್ ಒಂದು ವರ್ಷದೊಳಗೆ ಬಿಟ್ಟರೆ ಮರಳಿ ಕೊಡಬೇಕೇ? ಷೇರುಗಳು ನಾಲ್ಕು ವರ್ಷಕ್ಕೆ ಹಂಚಿದ್ದು, ಮೊದಲ ವರ್ಷ ತುಂಬುವವರೆಗೆ ಒಂದೂ ಕೈಗೆ ಬಾರದಿರುವುದು ಸಾಮಾನ್ಯ. ಲಿಸ್ಟ್ ಆಗದ ಸ್ಟಾರ್ಟಪ್ ಆದರೆ ಎಷ್ಟು ಆಪ್ಷನ್, ಎಕ್ಸರ್ಸೈಸ್ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಅಂತ ಕೇಳಿ ಬರೆದುಕೊಳ್ಳಿ. ಕೆಲಸ ಕೊಡಿಸಲು ಹಣ ಕೇಳುವವರ ಫೋನ್ ಅಲ್ಲೇ ಇಟ್ಟುಬಿಡಿ.

ನಿಮ್ಮ ನೋಟಿಸ್ ಪೀರಿಯಡ್ 60 ಅಥವಾ 90 ದಿನ ಇದ್ದರೆ ಮೊದಲ ಫೋನಿನಲ್ಲೇ ಹೇಳಿ, ಬೈಔಟ್ ಮೊತ್ತ (ಉಳಿದ ನೋಟಿಸ್ ದಿನಗಳ ಬದಲು ಕಟ್ಟುವ ಹಣ) ಹೊಸ ಕಂಪನಿ ಕೊಡುತ್ತದೆಯೇ ಕೇಳಿ. ಸಹಿಯಾದ ಆಫರ್ ಲೆಟರ್ ಮೇಲ್‌ಗೆ ಬರುವವರೆಗೆ ರಾಜೀನಾಮೆ ಕಳಿಸಬೇಡಿ, ರಿಕ್ರೂಟರ್ ಎಷ್ಟೇ ಅವಸರ ಮಾಡಿದರೂ ಸರಿ. ಸೇರುವ ದಿನವನ್ನು ಹಳೆಯ ಕಂಪನಿಯ ಕೊನೆಯ ದಿನಕ್ಕಿಂತ ಕನಿಷ್ಠ ಮೂರು ನಾಲ್ಕು ದಿನ ಆಚೆಗಿಡಿ: ಲ್ಯಾಪ್‌ಟಾಪ್ ಮರಳಿಸುವುದು, ರಿಲೀವಿಂಗ್ ಲೆಟರ್, ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಸರಿಯಾಗಿ ನಮೂದಾಗುವುದು ಇವೆಲ್ಲ ಹೇಳಿದ ದಿನಕ್ಕೇ ಆಗುವುದು ಅಪರೂಪ.